ನಿಲ್ಲಲಾರದವಳ ತೂಕ

ಗೋಡೆಗೆ ಹಾಕಲು ಅವಳದೊಂದು ಫೋಟೊ ಬೇಕೆಂದು ಆಫೀಸಿನಲ್ಲಿದ್ದ ನಾವಷ್ಟೂ ಜನ ನಮ್ಮ ನಮ್ಮ ಮೊಬೈಲುಗಳನ್ನು ತಡಕಾಡಿದೆವು. ಒಂದರಲ್ಲೂ ಮುಖ ನೆಟ್ಟಗಿರಲಿಲ್ಲ. ಆಯುಧಪೂಜೆಯ ಫೋಟೊದಲ್ಲಿ ಒಡೆದ ಕುಂಬಳಕಾಯಿ ಸ್ಪಷ್ಟವಾಗಿದೆ, ಆಫೀಸಿನ ಯಜಮಾನರ ಹೊಸ ಶರ್ಟಿನ ಗುಂಡಿಗಳು ಸ್ಪಷ್ಟವಾಗಿವೆ, ಅವಳು ನಿಂತಿರಬೇಕಾದ ಕಡೆ ಮಾತ್ರ ಒಂದು ನೀಲಿ ದುಪಟ್ಟಾ ಗಾಳಿಯಲ್ಲಿ ಹಾದುಹೋಗಿದೆ. ಇನ್ನೊಂದರಲ್ಲಿ ಬೆನ್ನು. ಮತ್ತೊಂದರಲ್ಲಿ ಅರ್ಧ ಕಿವಿ, ಒಂದು ಮೊಣಕೈ. ಕೊನೆಗೆ ಆಧಾರ್ ಕಾರ್ಡಿನ ಫೋಟೊವನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದೆವು. ಅದರಲ್ಲಿ ಅವಳು ಕದಲದೆ ಎದುರಿಗೆ ನೋಡುತ್ತಿದ್ದಾಳೆ. ಅವಳು ಯಾವತ್ತೂ ಹಾಗಿರಲಿಲ್ಲ. ಅದನ್ನು ನೋಡಿದಾಗಲೆಲ್ಲ ನನಗೆ ಸುಮ್ಮಸುಮ್ಮನೆ ಸಿಟ್ಟು ಬರುತ್ತದೆ. ಆ ಸಿಟ್ಟಿನಲ್ಲೇ ಇದನ್ನು ಬರೆಯುತ್ತಿದ್ದೇನೆ.

ಅವಳು ತೀರಿಕೊಂಡದ್ದು ಹೋದ ಆಷಾಢದಲ್ಲಿ. ಮೂವತ್ತು ದಾಟಿ ಹೆಚ್ಚು ದಿನವಾಗಿರಲಿಲ್ಲ. ಊರು ವೈ.ಎನ್. ಹೊಸಕೋಟೆ, ಪಾವಗಡ ದಾಟಿ ಆಂಧ್ರದ ಮಗ್ಗುಲಿಗೆ. ಹಾಗಾಗಿ ಅವಳ ಕನ್ನಡದ ನಡುನಡುವೆ ತೆಲುಗು ಹೇಳದೆ ಕೇಳದೆ ನುಗ್ಗುತ್ತಿತ್ತು. ಸಿಟ್ಟು ಬಂದರಂತೂ ಕನ್ನಡವೇ ಅಲ್ಲಲ್ಲಿ ನುಗ್ಗಬೇಕಾಗುತ್ತಿತ್ತು. ಮಧುಗಿರಿಯಲ್ಲಿ ಒಂದು ರೂಮು ಮಾಡಿಕೊಂಡಿದ್ದಳು. ಬಿಡುವಾದಾಗ ಊರಿಗೆ ಹೋಗುತ್ತಿದ್ದಳು. ಬಸ್ಸು ಮಿಡಿಗೇಶಿಯಲ್ಲಿ ಟೀಗೆಂದು ನಿಂತರೆ ಎಲ್ಲರೂ ಇಳಿದು ಮೈಮುರಿಯುತ್ತಾರಲ್ಲ, ಇವಳು ಇಳಿದವಳೇ ಪಾವಗಡದ ದಿಕ್ಕಿಗೆ ನಡೆಯಲು ಶುರುಮಾಡುತ್ತಿದ್ದಳು. ಬಸ್ಸು ಹಿಂದಿನಿಂದ ಬಂದು ದಾರಿಯಲ್ಲಿ ಹತ್ತಿಸಿಕೊಳ್ಳಬೇಕು. ಆ ರೂಟಿನ ಡ್ರೈವರುಗಳಿಗೆಲ್ಲ ಇದು ಅಭ್ಯಾಸವಾಗಿತ್ತು. "ಟಿಕೆಟ್ ತಗಂಡು ನಡ್ಕಂಡು ಹೋಗೋಳು ಈ ರೂಟ್ನಾಗೆ ನೀನೊಬ್ಳೇ ಕಣಮ್ಮ" ಎಂದು ಒಬ್ಬ ಕಂಡಕ್ಟರು ನನ್ನೆದುರಿಗೇ ಹೇಳಿದ್ದ. ಅವಳು, "ಕುಂತ್ರೆ ಊರು ಹತ್ರ ಬರ್ತದೇನಪ್ಪಾ?" ಎಂದು ಅವನನ್ನೇ ಕೇಳಿದಳು.

ನಮ್ಮ ಆಫೀಸು ಇರುವುದು ಮಧುಗಿರಿ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ, ಸಿಮೆಂಟು ಕಬ್ಬಿಣದ ಅಂಗಡಿಯ ಮಹಡಿಯ ಮೇಲೆ. ಕಿಟಕಿ ತೆಗೆದರೆ ಬೆಟ್ಟ, ಮುಚ್ಚಿದರೆ ಕಬ್ಬಿಣ ಕತ್ತರಿಸುವ ಸದ್ದು, ತೆಗೆದರೂ ಅದೇ ಸದ್ದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕೂ ಊರುಗಳಲ್ಲಿ ಒಂದು ಟ್ರಸ್ಟಿನವರು ಡಯಾಲಿಸಿಸ್ ಕೇಂದ್ರಗಳನ್ನು ನಡೆಸುತ್ತಾರೆ. ಅವಕ್ಕೆ ಬೇಕಾದ ಸಾಫ್ಟ್‌ವೇರು ನಮ್ಮದು. ಯಾವ ಪೇಶೆಂಟಿಗೆ ಯಾವ ಮಿಷೀನು, ಯಾವ ಹೊತ್ತು, ಇವತ್ತು ಅವರ ಮೈಯಿಂದ ಎಷ್ಟು ನೀರು ತೆಗೆಯಬೇಕು, ಎಲ್ಲ ಅದರಲ್ಲಿ ಬರುತ್ತದೆ. ಕಿಡ್ನಿ ಕೆಲಸ ಮಾಡದವರಿಗೆ ಕುಡಿದ ನೀರು ಮೈಯಲ್ಲೇ ಉಳಿಯುತ್ತದೆ. ನೀರಿಲ್ಲದಿದ್ದರೆ ಇವರ ತೂಕ ಇಷ್ಟಿರಬೇಕು ಎಂದು ಡಾಕ್ಟರು ಗೊತ್ತುಮಾಡಿರುತ್ತಾರೆ. ಇವತ್ತಿನ ತೂಕದಲ್ಲಿ ಅದನ್ನು ಕಳೆದರೆ ಉಳಿಯುವುದೇ ತೆಗೆಯಬೇಕಾದ ನೀರು. ಲೆಕ್ಕ ಇಷ್ಟೇ, ಮೂರನೇ ಕ್ಲಾಸಿನದು. ಆದರೆ ಕಡಿಮೆ ತೆಗೆದರೆ ಎದೆಗೆ ನೀರು, ಹೆಚ್ಚು ತೆಗೆದರೆ ಬಿ.ಪಿ. ಕುಸಿದು ಕುರ್ಚಿಯಲ್ಲೇ ತಲೆ ವಾಲುತ್ತದೆ.

ಇದನ್ನು ಇಷ್ಟು ಬಿಡಿಸಿ ಹೇಳುತ್ತಿರುವುದಕ್ಕೆ ಕಾರಣವಿದೆ. ಅವಳ ಕಿಡ್ನಿಗಳೂ ಕೈಕೊಟ್ಟಿದ್ದವು. ವಾರಕ್ಕೆ ಮೂರು ದಿನ ಮಧುಗಿರಿಯ ಕೇಂದ್ರದಲ್ಲಿ, ತಾನೇ ಬರೆದ ಸಾಫ್ಟ್‌ವೇರು ಹೇಳಿದ ಕುರ್ಚಿಯಲ್ಲಿ, ಅದು ಹೇಳಿದಷ್ಟು ನೀರು ತೆಗೆಸಿಕೊಂಡು ಬರುತ್ತಿದ್ದಳು. ಹೊರಗಡೆಯವರಿಗೆ ನಮ್ಮ ಕೆಲಸದ ವಿಷಯ ಹೇಳುವಾಗ ಯಜಮಾನರು ಇದನ್ನು ದೊಡ್ಡ ಹೆಮ್ಮೆಯಿಂದ ಹೇಳುತ್ತಿದ್ದರು. ಅವಳಿಗೆ ಮೈಯೆಲ್ಲ ಉರಿದುಹೋಗುತ್ತಿತ್ತು.

ಆಫೀಸಿನಲ್ಲಿ ಅವಳಿಗೊಂದು ಕುರ್ಚಿ ಇತ್ತು. ಅದರ ಮೇಲೆ ನಮ್ಮ ಹೆಲ್ಮೆಟ್ಟುಗಳು ಕೂರುತ್ತಿದ್ದವು. ಅವಳು ಲ್ಯಾಪ್‌ಟಾಪನ್ನು ಬೀರುವಿನ ಮೇಲಿಟ್ಟು ನಿಂತೇ ಕೆಲಸ ಮಾಡುವಳು. ಅದೂ ಹೆಚ್ಚು ಹೊತ್ತಲ್ಲ, ನಾಲ್ಕು ಸಾಲು ಬರೆದು ಗ್ಯಾಲರಿಗೆ ಹೋಗಿ ಒಂದು ಸುತ್ತು ಹಾಕಿ ಬರುವಳು. ಕಾಲಿಗೆ ಚಕ್ರ ಕಟ್ಟಿಕೊಂಡವರನ್ನು ನೋಡಿದ್ದೇನೆ. ಇವಳಿಗೆ ಕೈ, ಕಣ್ಣು, ನಾಲಿಗೆಗೂ ಕಟ್ಟಿದ್ದರು.

ಅವಳ ಕೆಲಸವೇ ಸಿಐ, ಅಂದರೆ ಕೋಡನ್ನು ತಂತಾನೇ ಪರೀಕ್ಷಿಸುವ ಏರ್ಪಾಡನ್ನು, ನೋಡಿಕೊಳ್ಳುವುದು. ನಮ್ಮಲ್ಲಿ ಯಾರು ಏನು ತಿದ್ದಿ ಕಳಿಸಿದರೂ, ಎಲ್ಲಿಯದೋ ಒಂದು ಸರ್ವರು ನಮ್ಮ ಇಡೀ ಕೋಡನ್ನು ಹೊಸದಾಗಿ ಜೋಡಿಸುತ್ತದೆ. ಬೇರೆಯವರು ಬರೆದಿಟ್ಟ ಲೈಬ್ರರಿಗಳನ್ನು ನಾವು ಎರವಲು ಬಳಸುತ್ತೇವಲ್ಲ, ಅವನ್ನೆಲ್ಲ ತರಿಸಿಕೊಂಡು, ಪರೀಕ್ಷೆ ನಡೆಸಿ, ಕೆಂಪೋ ಹಸಿರೋ ತೋರಿಸುತ್ತದೆ. ಆ ಪರೀಕ್ಷೆಗಳಲ್ಲಿ ಒಂದು ಟೈಪ್ ಚೆಕ್. ಸಂಖ್ಯೆ ಬರಬೇಕಾದ ಕಡೆ ಸಂಖ್ಯೆಯೇ ಬರುತ್ತದೆಯೇ, ಹೆಸರು ಬರಬೇಕಾದ ಕಡೆ ಹೆಸರೇ ಬರುತ್ತದೆಯೇ ಎಂದು ಪ್ರೋಗ್ರಾಮು ಓಡುವ ಮುಂಚೆಯೇ ನೋಡಿ ಗೊಣಗುವುದು ಅದರ ಕೆಲಸ. ಅದು ಗೊಣಗಿದ್ದನ್ನು ಅವಳು ವಾರ್ತೆ ಓದುವವರ ಹಾಗೆ ಇಡೀ ಆಫೀಸಿಗೆ ಕೇಳುವಂತೆ ಓದುತ್ತಿದ್ದಳು. ನನ್ನ ಕೋಡಿನದಾದರೆ ಗಂಟಲು ಇನ್ನೂ ಏರುತ್ತಿತ್ತು.

"ಡೇಟಾ ಎರಡು ಅಂತೆ ಇದ್ರ ಹೆಸ್ರು! ನಾಳೆ ಮಕ್ಳಾದ್ರೆ ಅವಕ್ಕೂ ಮಗು ಒಂದು, ಮಗು ಎರಡು ಅಂತ ಇಡ್ತೀಯೇನಪ್ಪಾ?"

"ಮೊದ್ಲು ಮದ್ವೆ ಆಗ್ಲಿ ಬುಡು" ಎಂದೆ.

"ಈ ಕೋಡು ನೋಡಿದ್ರೆ ಯಾರೂ ಕೊಡಲ್ಲ."

ಕೆಂಪಿನಿಂದ ಹಸಿರಾಗುವವರೆಗೆ ಕಾಯಬೇಕಲ್ಲ, ಆ ಹೊತ್ತು ಅವಳಿಗೆ ನರಕ. ಅದಕ್ಕೇ ಊರಿನಿಂದ ಒಂದು ಚೀಲ ಹುರಿದ ಕಡ್ಲೆಕಾಯಿ ತಂದಿಟ್ಟುಕೊಂಡಿದ್ದಳು. ಗ್ಯಾಲರಿಯಲ್ಲಿ ಶತಪಥ ಹಾಕುತ್ತ ಸುಲಿಯುವಳು. ಬೀಜ ಒಂದು ಸ್ಟೀಲ್ ಬಟ್ಟಲಿಗೆ, ಸಿಪ್ಪೆ ಕೆಳಗೆ ಕಬ್ಬಿಣದಂಗಡಿಯವರ ತಲೆಯ ಮೇಲೆ. ಹಸಿರಾಗುವ ತನಕ ಬಟ್ಟಲಿಗೆ ಯಾರೂ ಕೈಹಾಕುವಂತಿಲ್ಲ. "ಕೆಂಪಿದ್ದಾಗ ತಿಂದ್ರೆ ಅರಗಲ್ಲ" ಎನ್ನುವಳು. ಒಂದು ಸಲ ಯಜಮಾನರು ಕಳ್ಳನ ಹಾಗೆ ಎರಡು ಬೀಜ ಬಾಯಿಗೆ ಹಾಕಿಕೊಂಡು ಸಿಕ್ಕಿಬಿದ್ದರು. ಅವರಿಂದ ಉಗುಳಿಸುವುದೊಂದು ಬಾಕಿ. ಹಸಿರಾದರೆ ಬಟ್ಟಲು ಸುತ್ತ ಬರುತ್ತಿತ್ತು. ಅವಳು ಮಾತ್ರ ಒಂದು ಬೀಜವನ್ನೂ ಮುಟ್ಟುವಂತಿರಲಿಲ್ಲ, ಡಾಕ್ಟರು ಬೇಡವೆಂದಿದ್ದರು. ನಾವು ತಿನ್ನುವುದನ್ನು ನೋಡುತ್ತ, "ಹುರಿದಿದ್ದು ಚೆನ್ನಾಗಿದ್ಯಾ?" ಎಂದು ಕೇಳುತ್ತಿದ್ದಳು.

ಒಂದು ಸೋಮವಾರ ಬಂದು ನೋಡಿದರೆ ಎಲ್ಲ ಕೆಂಪು. ಭಾನುವಾರ ಯಾರೂ ಏನೂ ಮುಟ್ಟಿರಲಿಲ್ಲ. "ಯಾರ್ದೋ ದೃಷ್ಟಿ ಬಿದ್ದದೆ" ಎಂದರು ಯಜಮಾನರು. ಅವರು ಕೊರಟಗೆರೆಯವರು, ಒಳ್ಳೆಯ ಮನುಷ್ಯ, ಯಾವುದಕ್ಕೂ ಒಂದು ಸುಲಭದ ಕಾರಣ ಅವರಲ್ಲಿ ತಯಾರಿರುತ್ತದೆ. ಅವಳು ಹುಡುಕಿ ತೆಗೆದಳು. ನಮಗೆ ಬೇಕಾದ ಲೈಬ್ರರಿಗಳ ಹೆಸರಿನ ಮುಂದೆ, ಇಂಥ ವರ್ಷನ್ನು, ಅಂದರೆ ಆವೃತ್ತಿ, ಇಲ್ಲವೇ ಅದಕ್ಕಿಂತ ಹೊಸದು ಯಾವುದಾದರೂ ಆಗಬಹುದು ಎಂದು ಬರೆದಿತ್ತು. ಭಾನುವಾರ ಯಾವ ದೇಶದಲ್ಲೋ ಯಾರೋ ಹೊಸದೊಂದನ್ನು ಬಿಟ್ಟಿದ್ದರು. ನಮ್ಮ ಸರ್ವರು ವಿಧೇಯವಾಗಿ ಅದನ್ನೇ ತಂದುಕೊಂಡಿತ್ತು.

"ಮದ್ವೆಗೆ ಅಡಿಗೆಯೋರ್ನ ಕರೆಯೋವಾಗ ಯಾರಾದ್ರೂ ಬರ್ಲಿ, ಹೊಸಬ್ರಾದ್ರೆ ಇನ್ನೂ ಒಳ್ಳೇದು ಅಂತೀರಾ ಸಾರ್?" ಎಂದು ಯಜಮಾನರನ್ನು ಹಿಡಿದುಕೊಂಡಳು. "ಇಂಥೋರೇ ಬರ್ಬೇಕು ಅಂತ ಹೆಸ್ರು ಹೇಳಿ ಕರೀತೀರಲ್ಲ?"

ಅವತ್ತೇ ಕೂತು, ಅಂದರೆ ನಿಂತು, ಪ್ರತಿಯೊಂದು ಲೈಬ್ರರಿಗೂ ಇಂಥದ್ದೇ ವರ್ಷನ್ನು ಎಂದು ಮೊಳೆ ಹೊಡೆದ ಹಾಗೆ ಬರೆದಿಟ್ಟಳು. ಒಂದು ಲೈಬ್ರರಿಗೆ ಮೂರನೆಯದೊಂದರ ಹಳೆಯ ವರ್ಷನ್ನೇ ಬೇಕು, ಇನ್ನೊಂದಕ್ಕೆ ಅದರ ಹೊಸದೇ ಆಗಬೇಕು. ಆ ಜಗಳ ಬಿಡಿಸಲು ಸಂಜೆಯಾಯಿತು. ಹಸಿರು ಬಿದ್ದ ಕೂಡಲೇ ಗ್ಯಾಲರಿಗೆ ಓಡಿಹೋಗಿ, ಏನೂ ಗೊತ್ತಿಲ್ಲದ ಕಬ್ಬಿಣದಂಗಡಿಯವರಿಗೆ ಕೇಳುವ ಹಾಗೆ, "ಅಯಿಪೋಯಿಂದಿ!" ಎಂದು, ಮುಗೀತು ಅಂತ ತೆಲುಗಿನಲ್ಲಿ, ಕೂಗಿದಳು. ಜಂಬ ಬಹಳ. ತಾನು ಮಾಡಿದ್ದನ್ನು ತಾನೇ ಹೊಗಳಿಕೊಳ್ಳುವುದರಲ್ಲಿ ಸಂಕೋಚವೆಂಬುದೇ ಇರಲಿಲ್ಲ.

ಯಜಮಾನರಿಗೂ ಅವಳಿಗೂ ಎಂದೂ ಮುಗಿಯದ ಜಗಳವೊಂದಿತ್ತು. ಟೈಪ್ ಚೆಕ್ ಗೊಣಗಿದ ಸಾಲಿನ ಕೊನೆಗೆ ‘ಇಗ್ನೋರ್’ ಎಂದು ಬರೆದುಬಿಟ್ಟರೆ ಅದು ಆ ಸಾಲಿನ ಬಗ್ಗೆ ಬಾಯಿ ಮುಚ್ಚಿಕೊಳ್ಳುತ್ತದೆ. ಕೆಂಪು ಹೋಗಿ ಹಸಿರು ಬರುತ್ತದೆ, ಹುಳುಕು ಅಲ್ಲೇ ಇರುತ್ತದೆ. ಅರ್ಜೆಂಟಿದ್ದಾಗ ಯಜಮಾನರು ಇದನ್ನೇ ಮಾಡಿ ಎನ್ನುತ್ತಿದ್ದರು. ಅವಳು ಹಿಂದಿನಿಂದ ಬಂದು ಒಂದೊಂದನ್ನೇ ಅಳಿಸಿಹಾಕುತ್ತಿದ್ದಳು.

"ನಾಯಿ ಬೊಗಳ್ತದೆ ಅಂತ ಅದ್ರ ಬಾಯಿ ಕಟ್ತೀರಾ ಸಾರ್? ಒಂದ್ಸಲ ಹೊರಗೆ ಹೋಗಿ ಯಾರು ಬಂದವ್ರೆ ಅಂತ ನೋಡ್ಬಾರ್ದಾ?"

"ಸುಮ್ಸುಮ್ನೆ ಬೊಗಳೋ ನಾಯೂ ಇರ್ತವೆ ಕಣಮ್ಮ."

"ಇರ್ತವೆ. ಹೋಗಿ ನೋಡಿದ್ಮೇಲೆ ತಾನೇ ಗೊತ್ತಾಗೋದು?"

ಡಯಾಲಿಸಿಸ್ ದಿನಗಳಲ್ಲಿ ಅವಳನ್ನು ನೋಡುವುದು ಕಷ್ಟವಾಗುತ್ತಿತ್ತು. ನಾಲ್ಕು ಗಂಟೆ ಅಲುಗದೆ ಒರಗಿರಬೇಕು. ಎಡಗೈಗೆ ಎರಡು ದಪ್ಪ ಸೂಜಿ. ಆ ಕೈ ಸ್ವಲ್ಪ ಮಡಚಿದರೂ ಮಿಷೀನು ಕಿರುಚುತ್ತದೆ. ಅವಳು ಬಲಗೈಯೊಂದರಲ್ಲೇ ತೊಡೆಯ ಮೇಲಿನ ಲ್ಯಾಪ್‌ಟಾಪನ್ನು ಕುಟ್ಟುತ್ತ, ಹೊದಿಕೆಯ ಕೆಳಗೆ ಎರಡೂ ಕಾಲನ್ನು ಒಂದೇ ಸಮ ಆಡಿಸುತ್ತಿರುವಳು. ಅಲ್ಲಿಯ ಟೆಕ್ನಿಶಿಯನ್ನು ಶಿರಾದವನು, ನಯವಾದ ಮಾತಿನ ಹುಡುಗ. ಮನೆಯಲ್ಲಿ ಉರ್ದು, ಹೊರಗೆ ಕನ್ನಡ. ದಿನಕ್ಕೆ ಮೂರು ಪಾಳಿ ಪೇಶೆಂಟುಗಳನ್ನು ಒಬ್ಬನೇ ನೋಡಿಕೊಳ್ಳುತ್ತಿದ್ದ. "ಮೇಡಮ್, ಮಿಷೀನ್ ಪರೇಶಾನ್ ಆಗ್ತದೆ ನಿಮ್ ಕೂಡೆ. ಜರಾ ಸುಮ್ನೆ ಇರಿ" ಎಂದು ಬೇಡಿಕೊಳ್ಳುತ್ತಿದ್ದ. ಅವಳು ಜೊತೆಗೆ ಹೋಗಿರುತ್ತಿದ್ದ ನನ್ನ ಕಡೆ ತಿರುಗಿ, "ಕಟ್ ಹಾಕವ್ರೆ ಕಣಪ್ಪಾ, ಎಮ್ಮೆ ಕಟ್ ಹಾಕಿದಂಗೆ" ಎಂದು ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ. ಎದ್ದಮೇಲೆ ಕಾಲು ಸೆಳೆತ, ತಲೆಸುತ್ತು. ಮುಂಚೆ ಅಷ್ಟಿರಲಿಲ್ಲ, ಕೊನೆಕೊನೆಗೆ ಹೆಚ್ಚಾಗುತ್ತಿತ್ತು. ಕೆಲಸ ಜಾಸ್ತಿಯಾಯಿತು, ಅದಕ್ಕೆ, ಎಂದು ಅವಳೂ ಹೇಳಿದಳು, ನಾವೂ ನಂಬಿದೆವು.

ಕೆಲಸ ಜಾಸ್ತಿ ಇದ್ದದ್ದಂತೂ ನಿಜ. ನಾವು ಬಳಸುತ್ತಿದ್ದ ಮುಖ್ಯ ಲೈಬ್ರರಿಯೊಂದರ ಹಳೆಯ ವರ್ಷನ್ನಿಗೆ ಇನ್ನು ಮೇಲೆ ರಿಪೇರಿ ಇಲ್ಲವೆಂದು ಅದನ್ನು ಬರೆದವರು ಹೇಳಿಬಿಟ್ಟರು. ಪೇಶೆಂಟುಗಳ ಮಾಹಿತಿ ಇರುವ ಜಾಗ, ಸುರಕ್ಷತೆಗಾಗಿ ಹೊಸದಕ್ಕೆ ಹೋಗಲೇಬೇಕೆಂದು ಟ್ರಸ್ಟಿನವರು ಹಟ ಹಿಡಿದರು. ಅವಳು ವರ್ಷನ್ನು ಬದಲಿಸಿ ಕಳಿಸಿದ್ದೇ ತಡ, ಟೈಪ್ ಚೆಕ್ಕಿನಲ್ಲಿ ಸ್ಕ್ರೀನಿನ ತುಂಬ ಕೆಂಪು. ಎಲ್ಲದರ ಸಾರ ಒಂದೇ: ತೂಕವನ್ನು ಓದುವ ಜಾಗದಲ್ಲಿ ಸಂಖ್ಯೆ ಬರುತ್ತದೆಂದು ನೀವು ನಂಬಿಕೊಂಡಿದ್ದೀರಿ, ಅಲ್ಲಿ ಏನೂ ಬರದೆಯೂ ಇರಬಹುದು. ಹಳೆಯ ವರ್ಷನ್ನು ಇದನ್ನು ಹೇಳುತ್ತಿರಲಿಲ್ಲ. ಹೊಸದು ಬಾಯಿಬಿಟ್ಟು ಹೇಳಿತು, ಅಷ್ಟೇ.

"ಎಷ್ಟು ವರ್ಷದಿಂದ ಓಡ್ತಾ ಐತೆ, ಏನೂ ಆಗಿಲ್ಲ. ಇಗ್ನೋರ್ ಹಾಕಿ ಕಳ್ಸಿ" ಎಂದರು ಯಜಮಾನರು.

"ಅದಿ ಕಾದು ಸಾರ್, ಹಂಗಲ್ಲ. ತೂಕದ ಜಾಗ ಅದು. ಅಲ್ಲಿ ಏನೂ ಇಲ್ದಂಗೆ ಹೆಂಗಾಗ್ತದೆ? ಮನುಷ್ಯನಿಗೆ ತೂಕ ಇಲ್ದಂಗಿರ್ತದಾ?"

ಬಾಯಿ ಕಟ್ಟುವ ಬದಲು ಹೊರಗೆ ಹೋಗಿ ನೋಡಿದಳು. ನಾಲ್ಕೂ ಕೇಂದ್ರಗಳಲ್ಲಿ ತೂಕದ ಕಾಲಮ್ಮಿಗೆ ಏನೇನು ಹಾಕಿದ್ದಾರೆಂದು ತೆಗೆಸಿದಳು. ನಾನು ಪಕ್ಕದಲ್ಲೇ ಇದ್ದೆ. ಸಂಖ್ಯೆಗಳು, ಸಂಖ್ಯೆಗಳು, ನಡುವೆ ಒಂದು ಕಡೆ, ‘ಅದೇ’. ಇನ್ನೊಂದು ಕಡೆ ‘ಅದೆ’. ಶಿರಾದಲ್ಲಿ ‘ಸೇಮ್’. ಕೊರಟಗೆರೆಯಲ್ಲಿ ‘ಹೋದ್ಸಲದಷ್ಟೆ’. ಬುಕ್ಕಾಪಟ್ಟಣದಿಂದ ಶಿರಾಕ್ಕೆ ಬರುವ ಒಬ್ಬ ಹಿರಿಯರಿಗಂತೂ ಸಂಕ್ರಾಂತಿಯಿಂದ ಈಚೆಗೆ ತೂಕವೇ ಇರಲಿಲ್ಲ, ಬರೀ ‘ಅದೇ’. ರಿಜಿಸ್ಟರಿನ ಕಾಲದಿಂದ ಬಂದ ಪದ್ಧತಿ. ಪೇಶೆಂಟು ನಿಲ್ಲಲಾರದೆ ನಿಲ್ಲಲಾರದೆ ಬಂದಿರುತ್ತಾರೆ, ತಕ್ಕಡಿ ಕೋಣೆಯ ಆ ಮೂಲೆಗಿರುತ್ತದೆ, ಹಿಂದಿನ ಪಾಳಿ ಮುಗಿದು ಮುಂದಿನದು ಕಾಯುತ್ತಿರುತ್ತದೆ. ಹೋದ ಸಲದಷ್ಟೇ ಇರಬೇಕು ಬಿಡು ಎಂದು ಒಂದು ‘ಅದೇ’. ನಮ್ಮ ಪ್ರೋಗ್ರಾಮು ಅದನ್ನು ಓದಲಾರದೆ, ಹಿಂದೆ ಎಂದೋ ಸಿಕ್ಕಿದ ಕೊನೆಯ ಸಂಖ್ಯೆಯನ್ನು ತೆಗೆದುಕೊಂಡು ಲೆಕ್ಕ ಮುಗಿಸುತ್ತಿತ್ತು. ತಿಂಗಳುಗಳ ಹಿಂದಿನ ತೂಕಕ್ಕೆ ಇವತ್ತಿನ ನೀರು.

ಕೆಳಗೆ ಸರಿಸುತ್ತ ಸರಿಸುತ್ತ ಅವಳ ಕೈ ನಿಂತಿತು. ಮಧುಗಿರಿ ಕೇಂದ್ರ, ಅವಳದೇ ಹೆಸರು. ಯುಗಾದಿಯಿಂದ ಈಚೆಗೆ ಅಲ್ಲೂ ‘ಅದೇ’, ‘ಅದೇ’, ‘ಅದೇ’.

ಬಾಗಿಲು ದಾಟಿದವಳೇ ಕುರ್ಚಿಗೆ ಧುಮುಕಿ ಲ್ಯಾಪ್‌ಟಾಪ್ ತೆಗೆಯುತ್ತಿದ್ದವಳು ಅವಳು. ತಕ್ಕಡಿಯ ಮೇಲೆ ಅಂಕಿ ನೆಲೆಗೊಳ್ಳುವವರೆಗೆ ನಿಲ್ಲುವ ತಾಳ್ಮೆ ಎಲ್ಲಿಂದ ಬರಬೇಕು? "ಅದೇ ಹಾಕ್ಕಳಪ್ಪಾ, ಚಾಲು, ಸಾಕು" ಎಂದು ಟೆಕ್ನಿಶಿಯನ್ನಿಗೆ ಹೇಳುತ್ತಿದ್ದುದನ್ನು ನಾನೇ ಎಷ್ಟೋ ಸಲ ಕೇಳಿದ್ದೆ. ಆಫೀಸಿನಲ್ಲಿ ಯಾರನ್ನೂ ಬಿಡದವಳು ಅಲ್ಲಿ ತನ್ನನ್ನು ತಾನೇ ಬಿಟ್ಟುಕೊಟ್ಟಿದ್ದಳು. ನಾನು ಈಗ ಕಿರುಚುತ್ತಾಳೆ, ತೆಲುಗಿನಲ್ಲಿ ಬೈಯುತ್ತಾಳೆ ಎಂದುಕೊಂಡೆ. ಅವಳು ಹೆಲ್ಮೆಟ್ಟುಗಳನ್ನು ಕೆಳಗಿಟ್ಟು ಆ ಕುರ್ಚಿಯ ಮೇಲೆ ಕೂತಳು. ಅವಳು ಅಲ್ಲಿ ಕೂತದ್ದನ್ನು ನೋಡಿದ್ದು ಅದೇ ಮೊದಲು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಆಮೇಲೆ ಎದ್ದಳು ನೋಡಿ, ಎರಡು ದಿನ ಯಾರನ್ನೂ ಉಸಿರಾಡಲು ಬಿಡಲಿಲ್ಲ. ಕೆಂಪು ಬಿದ್ದ ಒಂದೊಂದು ಜಾಗವನ್ನೂ ತಿದ್ದಿದಳು. ತೂಕವೆಂದರೆ ಸಂಖ್ಯೆ, ಇವತ್ತು ತೂಗಿದ ಸಂಖ್ಯೆ. ಅದಿಲ್ಲದಿದ್ದರೆ ನೀರಿನ ಲೆಕ್ಕವಿಲ್ಲ, ಲೆಕ್ಕವಿಲ್ಲದಿದ್ದರೆ ಆ ಪೇಶೆಂಟಿನ ಪಾಳಿ ಸ್ಕ್ರೀನಿನಲ್ಲಿ ಮುಂದಕ್ಕೆ ಹೋಗುವುದಿಲ್ಲ. ಯಜಮಾನರು ತಲೆಯ ಮೇಲೆ ಕೈಹೊತ್ತುಕೊಂಡರು. "ಸಿಸ್ಟರುಗಳು ನಮ್ಮನ್ನ ಬಡಿತಾರೆ ಕಣಮ್ಮ. ಒಂದು ಬೈಪಾಸ್ ಆದ್ರೂ ಇಡು." ಅವಳು ಒಪ್ಪಲಿಲ್ಲ. ಕೊನೆಗೆ ಎಲ್ಲ ಹಸಿರಾಗಿ, ಒಂದು ಸಂಜೆ ನಾಲ್ಕೂ ಊರುಗಳಿಗೆ ಹೊಸ ವರ್ಷನ್ನು ಹೋಯಿತು. ಮಾರನೆಯ ಬೆಳಿಗ್ಗೆ ಅವಳದೇ ಡಯಾಲಿಸಿಸ್ಸು.

ಬೆಳಿಗ್ಗೆ ನನಗೆ ಫೋನು ಬಂತು, ಟೆಕ್ನಿಶಿಯನ್ನಿನದು. "ಸಾರ್, ಜಲ್ದಿ ಬನ್ನಿ. ನಿಮ್ ಮೇಡಮ್ ಕೇಳ್ತಾ ಇಲ್ಲ."

ಹೋಗಿ ನೋಡಿದರೆ ಕೇಂದ್ರದ ತಕ್ಕಡಿ ಕೆಟ್ಟಿದೆ. ಅಂಕಿ ತೋರಿಸುವ ಡಬ್ಬಿಯೇ ಸತ್ತುಹೋಗಿದೆ. ರಿಪೇರಿಯವನು ತುಮಕೂರಿನಿಂದ ಬರಬೇಕು, ಮಧ್ಯಾಹ್ನದ ಮೇಲಾಗುತ್ತದೆ. ತೂಕ ಹಾಕದೆ ಸ್ಕ್ರೀನು ಮುಂದೆ ಹೋಗುವುದಿಲ್ಲ. ಆ ಪಾಳಿಯ ಮಿಕ್ಕವರು ಬೆಂಚಿನ ಮೇಲೆ ಮುಖ ಗಂಟುಹಾಕಿಕೊಂಡಿದ್ದಾರೆ. ಅವಳು ಗೋಡೆಗೆ ಒರಗಿ ನಿಂತಿದ್ದಾಳೆ, ತುಟಿ ಒಣಗಿದೆ, ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಉಸಿರು ತೆಗೆದುಕೊಳ್ಳುತ್ತಿದ್ದಾಳೆ. ಕಾಲು ಆಗಲೇ ಸೆಳೆಯುತ್ತಿತ್ತೆಂದು ಕಾಣುತ್ತದೆ, ಒಂದನ್ನು ಎತ್ತಿ ಎತ್ತಿ ಇಡುತ್ತಿದ್ದಳು.

"ಬರೀ ಒಂದು ನಂಬರ್ ಹಾಕಿ ಮೇಡಮ್. ಹೋದ್ಸಲದ್ದು ನಂಗೆ ನೆನಪೈತೆ. ಹಾಕ್ತೀನಿ, ಕುಂತ್ಕಳಿ" ಎಂದು ಅವನು ಅಂಗಲಾಚುತ್ತಿದ್ದ.

"ಹೋದ್ಸಲ ತೂಗಿದ್ಯೇನಪ್ಪಾ ನೀನು? ಯಾವ ನಂಬರ್ ನೆನಪೈತೆ ನಿಂಗೆ?"

ಅಷ್ಟರಲ್ಲಿ ಯಜಮಾನರೂ ಫೋನಿನಲ್ಲಿ ಬಂದರು. ಆ ಒಂದು ತಪಾಸಣೆಯನ್ನು ಇವತ್ತಿಗೆ ತೆಗೆದುಬಿಡು, ಹಳೆಯದನ್ನೇ ವಾಪಸು ಹಾಕು ಎಂದು ನನಗೆ ಹೇಳಿದರು. ಒಂದು ಸಾಲು ತಿದ್ದಿದರೆ ಆಗುತ್ತಿತ್ತು. ನಾನು ಲ್ಯಾಪ್‌ಟಾಪ್ ತೆಗೆದೆ. ಅವಳು ಬಂದು ಅದರ ಮುಚ್ಚಳವನ್ನು ನನ್ನ ಬೆರಳುಗಳ ಮೇಲೇ ಮುಚ್ಚಿದಳು.

"ನಂಗೋಸ್ಕರ ಒಂದ್ಸಲ ತೆಗೆದ್ರೆ ನಾಳೆ ಶಿರಾದಾಗೆ ತೆಗೀತಾರೆ, ನಾಡಿದ್ದು ಪಾವಗಡದಾಗೆ ತೆಗೀತಾರೆ. ಬುಕ್ಕಾಪಟ್ಟಣದ ತಾತನ್ನ ಯಾರು ತೂಗ್ತಾರೆ ಆಮೇಲೆ?"

"ಮೊದ್ಲು ನೀನು ಬದುಕ್ಕೊ" ಎಂದು ಕೂಗಿಬಿಟ್ಟೆ. ಬೆಂಚಿನ ಮೇಲಿದ್ದವರು ತಿರುಗಿ ನೋಡಿದರು. ಅವಳ ಮೇಲೆ ಅವತ್ತು ಬಂದಷ್ಟು ಸಿಟ್ಟು ನನಗೆ ಬೇರೆ ಯಾರ ಮೇಲೂ ಬಂದಿಲ್ಲ. ಅವಳು ಅದನ್ನು ಕಿವಿಗೇ ಹಾಕಿಕೊಳ್ಳದೆ ಬಾಗಿಲಿನಾಚೆ ನೋಡುತ್ತಿದ್ದಳು. ರಸ್ತೆಯ ಆ ಕಡೆ ಹುಣಸೆಹಣ್ಣಿನ ಮಂಡಿ.

"ಅಲ್ಲಿ ತಕ್ಕಡಿ ಐತೆ. ನಡೀರಿ."

ಸುಗ್ಗಿ ಮುಗಿದು ಮಂಡಿಯಲ್ಲಿ ಚೀಲಗಳು ಸೂರಿನವರೆಗೆ ಏರಿದ್ದವು. ಹುಳಿ ವಾಸನೆ ಮೂಗಿಗೆ ಅಡರುತ್ತಿತ್ತು. ಒಂದು ಕಡೆ ಟೆಕ್ನಿಶಿಯನ್ನು, ಒಂದು ಕಡೆ ನಾನು, ನಡುವೆ ಅವಳು. ಮಂಡಿಯ ಯಜಮಾನರು ಹಣೆಗೆ ವಿಭೂತಿ ಇಟ್ಟುಕೊಂಡು ಆಗ ತಾನೇ ಕೂತಿದ್ದರು. ಮೂಟೆ ತೂಗುವ ತಕ್ಕಡಿಯ ಮೇಲೆ ಹೆಣ್ಣುಮಗಳೊಬ್ಬಳನ್ನು ನಿಲ್ಲಿಸಬೇಕೆಂದಾಗ ಅವರಿಗೆ ಅರ್ಥವಾಗಲೇ ಹೊತ್ತುಹಿಡಿಯಿತು.

"ಸೀಲು ಯಾವಾಗ ಹಾಕ್ಸಿದ್ದು ಇದಕ್ಕೆ?" ಎಂದಳು ಅವಳು.

"ಏನವ್ವಾ?"

"ತೂಕದ ಇಲಾಖೆಯೋರ ಸೀಲು. ಯಾವಾಗಿಂದು?"

ಅವರಿಗೆ ಅವಮಾನವಾಯಿತು. "ಈ ವರ್ಷದ್ದೇ ಕಣವ್ವಾ, ಇಕಾ ನ್ವಾಡು" ಎಂದು ತಕ್ಕಡಿಯ ಮಗ್ಗುಲಿನ ಸೀಸದ ಬಿಲ್ಲೆಯನ್ನು ತೋರಿಸಿದರು. ಅವಳು ಬಗ್ಗಿ ಓದಿಕೊಂಡಳು. ಚಪ್ಪಲಿ ಬಿಟ್ಟು ಹತ್ತಿದಳು.

ಅಂಕಿ ಏರಿತು, ಇಳಿಯಿತು, ಮತ್ತೆ ಏರಿತು. ಅವಳ ಕಾಲು, ಕೈ, ಕತ್ತು ಯಾವುದೂ ಒಂದು ಕಡೆ ಇರಲಿಲ್ಲ.

"ಅಲ್ಲಾಡ್ಬ್ಯಾಡ ಕಣಮ್ಮ. ಅಂಕಿ ಕುಂತ್ಕಳಾಕೆ ಬುಡು" ಎಂದರು ಮಂಡಿಯವರು, ಈಗ ಮೆತ್ತಗೆ.

ಅವಳು ಕಣ್ಣು ಮುಚ್ಚಿದಳು. ಎರಡೂ ಕೈ ಮುಷ್ಟಿ ಕಟ್ಟಿ ತೊಡೆಗೊತ್ತಿಕೊಂಡಳು. ಉಸಿರು ಬಿಗಿಹಿಡಿದಳು. ಮಂಡಿಯ ಕೂಲಿಯವರೂ ಮೂಟೆ ಕೆಳಗಿಟ್ಟು ನೋಡುತ್ತ ನಿಂತರು. ಅಂಕಿ ತುಯ್ದಾಡಿ ತುಯ್ದಾಡಿ ಕೊನೆಗೆ ಒಂದು ಕಡೆ ನಿಂತಿತು.

ಟೆಕ್ನಿಶಿಯನ್ನು ಅದನ್ನು ನೋಡಿದ. ಅವಳನ್ನು ನೋಡಿದ. "ಮೇಡಮ್, ಇನ್ನೊಂದ್ಸಲ ಇಳ್ದು ಹತ್ತಿ" ಎಂದ. ಇಳಿದು ಹತ್ತಿದಳು. ಅದೇ ಅಂಕಿ. ಅವನಿಗೆ ನೆನಪಿದ್ದ ಹಳೆಯ ಸಂಖ್ಯೆಗಿಂತ ನಾಲ್ಕು ಕೆಜಿಗೂ ಮೇಲೆ ಕಡಿಮೆ.

"ಎರಡು ದಿನದ ನೀರು ಸೇರಿ ಇಷ್ಟೇನಾ?" ಎಂದು ತನ್ನಷ್ಟಕ್ಕೆ ಅಂದುಕೊಂಡವನು ನನ್ನ ಮುಖ ನೋಡಿದ. ನಮ್ಮ ಸಾಫ್ಟ್‌ವೇರಿನ ಲೆಕ್ಕ ನನಗೂ ಬರುತ್ತದಲ್ಲ. ನೀರು ತುಂಬಿಕೊಂಡೂ ಇಷ್ಟು ಕಡಿಮೆ ಎಂದರೆ ಹೋಗಿರುವುದು ನೀರಲ್ಲ, ಮೈ. ತಿಂಗಳುಗಳಿಂದ ಅವಳು ಕರಗುತ್ತಿದ್ದಳು. ಮಿಷೀನು ಅವಳಲ್ಲಿ ಇಲ್ಲದ ನೀರನ್ನು ಎಳೆಯುತ್ತಿತ್ತು. ಆ ಸೆಳೆತ, ಆ ತಲೆಸುತ್ತು ಅದರದೇ. ಅವನು ಡಾಕ್ಟರಿಗೆ ಫೋನು ಮಾಡುತ್ತ ಚೀಲಗಳ ಮರೆಗೆ ಹೋದ. ಅಲ್ಲಿ ಪಿಸುಗುಟ್ಟುತ್ತಿದ್ದ.

ಅವಳು ಕಣ್ಣು ಬಿಟ್ಟು ಅಂಕಿ ನೋಡಿದಳು. ಮುಖವೆಲ್ಲ ಬೆಳಗಿತು.

"ನೋಡ್ದಾ! ನಾಲ್ಕು ಕೆಜಿ ತಪ್ಪು! ‘ಅದೇ’ ಅಂತ ಹಾಕಿದ್ದಿದ್ರೆ ಇವತ್ತೂ ಇಲ್ದಿರೋ ನೀರು ಎಳೀತಿತ್ತು ಮಿಷೀನು. ಒಂದೇ ಒಂದು ತೂಕ, ಮೊದ್ಲನೇ ದಿನಾನೇ ಸಿಕ್ಬುಡ್ತು! ನಾನು ಹೇಳಿದ್ನೋ ಇಲ್ವೋ?" ತಕ್ಕಡಿಯ ಮೇಲೇ ನಿಂತು ಮಂಡಿಯವರಿಗೆ, ಕೂಲಿಯವರಿಗೆ, ಎಲ್ಲರಿಗೂ ಹೇಳುತ್ತಿದ್ದಳು. ಅವಳಿಗೆ ಆ ಅಂಕಿಯಲ್ಲಿ ತನ್ನ ಕೋಡು ಗೆದ್ದದ್ದು ಬಿಟ್ಟು ಬೇರೆ ಏನೂ ಕಾಣಲಿಲ್ಲ. ಕಂಡೂ ಹಾಗೆ ಮಾಡಿದಳೋ ಏನೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಟೆಕ್ನಿಶಿಯನ್ನು ವಾಪಸು ಬಂದ. "ಡಾಕ್ಟರ್ ಬೇರೆ ಲೆಕ್ಕ ಹೇಳವ್ರೆ. ಬನ್ನಿ ಮೇಡಮ್, ಕುಂತ್ಕಳೋಣ. ಅವ್ರೂ ಬರ್ತಾವ್ರೆ."

"ಇರಪ್ಪಾ. ಮೊದ್ಲು ಯಜಮಾನ್ರಿಗೆ ಹೇಳ್ಲಿ ಇವ್ನು. ಫೋನ್ ಮಾಡು, ಈಗ್ಲೇ ಮಾಡು. ನಂಗೆ ಕೇಳಂಗೆ ಹೇಳು."

ಮಾಡಿದೆ. ಯಜಮಾನರು ಒಂದೇ ರಿಂಗಿಗೆ ಎತ್ತಿಕೊಂಡರು. "ಏನಾಯ್ತಲಾ? ಚೆಕ್ಕು ಸುಮ್ನೆ ಗೊಣಗ್ತಿತ್ತೋ, ನಿಜ್ವಾಗ್ಲೂ ತಪ್ಪಿತ್ತೋ?"

ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು. ಅವಳ ಜೊತೆ ಕೆಲಸ ಮಾಡಿದಷ್ಟು ಕಾಲವೂ ಅವಳ ಮಾತು ಒಂದು ಸಲವಾದರೂ ತಪ್ಪಾಗಲಿ, ನನ್ನದು ಗೆಲ್ಲಲಿ ಎಂದು ಹಟಕ್ಕೆ ಬಯಸಿದ್ದೆ. ದೇವರಿಗೆ ಕೈಮುಗಿದು ಬೇಡಿಕೊಂಡದ್ದು ಮಾತ್ರ ಆಗ, ಆ ಮೂಟೆಗಳ ನಡುವೆ.

"ಅವ್ಳು ಹೇಳಿದ್ದೇ ಸರಿ ಸಾರ್" ಎಂದೆ.

ಅವಳು ತಕ್ಕಡಿಯ ಮೇಲೆ ನಿಂತುಕೊಂಡೇ ಚಪ್ಪಾಳೆ ತಟ್ಟಿದಳು.